ಮನೆ ಮುಂದಿನ ಶಾಲೆ ಬಿಟ್ಟು 30 ಕಿಲೋಮೀಟರ್

ಬಸ್ಸಲ್ಲಿ ಕೂತು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು, ಇನ್ನೊಂದು ಕಿವೀಲಿ ಕಂಡಕ್ಟರ್ ಕೂಗೋದನ್ನ ಕೇಳಿಸ್ಕೊಳ್ತಾ ಇರೋರೇ ನಮ್ಮ ಕೇಳುಗರಲ್ಲಿ ಜಾಸ್ತಿ ಅಂತ ನನಗೆ ಗೊತ್ತು. ಇವತ್ತಿನ ಸಂಚಿಕೆ ನಿಮಗೇ. ಇದು ಶಾಲೆಗೆ ಹೋಗೋ ಬಸ್ಸಿನ ಕಥೆ.

ಅಮೆರಿಕ, ಕಪ್ಪು ಜನ, ಬಸ್ಸು ಅಂದ ಕೂಡ್ಲೇ ನಿಮಗೆ ರೋಸಾ ಪಾರ್ಕ್ಸ್ ನೆನಪಾಗಿರಬಹುದು. ಅದಲ್ಲ. ಲಿಟಲ್ ರಾಕ್ ಶಾಲೆಗೆ ಸೈನಿಕರ ಕಾವಲಲ್ಲಿ ಹೋದ ಒಂಬತ್ತು ಮಕ್ಕಳ ಫೋಟೋ ಕೆಲವರು ನೋಡಿರ್ತೀರಿ. ಅದೂ ಅಲ್ಲ. ಲಿಟಲ್ ರಾಕ್‌ಗಿಂತ ಸರಿಯಾಗಿ ಒಂದು ವರ್ಷ ಮೊದಲು, 1956ರಲ್ಲಿ, ಟೆನೆಸಿ ರಾಜ್ಯದ ಕ್ಲಿಂಟನ್ ಅನ್ನೋ ಪುಟ್ಟ ಊರಲ್ಲಿ ನಡೆದದ್ದು. ಈಗ ಅಲ್ಲಿ ಹತ್ತು ಸಾವಿರ ಜನ ಇದ್ದಾರೆ, ಆಗ ಅದರ ಅರ್ಧವೂ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ ಅನ್ನಿ. ಆದ್ರೆ ಅದು ಆಂಡರ್ಸನ್ ಕೌಂಟಿಯ ಕೇಂದ್ರ. ಕೋರ್ಟು, ಕಚೇರಿ, ವಾರಕ್ಕೊಂದು ಪತ್ರಿಕೆ ಎಲ್ಲ ಇತ್ತು.

ನಾನು ಈ ಊರಿಗೆ ಬಂದದ್ದು ಅಡ್ಡದಾರಿಯಲ್ಲಿ. 'ಓಪನ್‌ಹೈಮರ್' ಸಿನಿಮಾ ನೋಡಿದ ಮೇಲೆ ಅಣುಬಾಂಬಿನ ಯುರೇನಿಯಂ ಎಲ್ಲಿ ತಯಾರಾಯ್ತು ಅಂತ ಓದ್ತಾ ಇದ್ದೆ. ಓಕ್ ರಿಡ್ಜ್ ಅನ್ನೋ ಹೆಸರು ಬಂತು. ಮ್ಯಾಪಲ್ಲಿ ಓಕ್ ರಿಡ್ಜ್ ಹುಡುಕಿದ್ರೆ ಪಕ್ಕದಲ್ಲೇ ಕ್ಲಿಂಟನ್. ಅಲ್ಲಿ ಒಂದು ಹಳೇ ಇಟ್ಟಿಗೆ ಶಾಲೆಯ ಮುಂದೆ ಹನ್ನೆರಡು ಮಕ್ಕಳ ಕಂಚಿನ ಪ್ರತಿಮೆಗಳ ಫೋಟೋ. ಕೈಯಲ್ಲಿ ಪುಸ್ತಕ, ಇಸ್ತ್ರಿ ಮಾಡಿದ ಬಟ್ಟೆ. ಯಾರಪ್ಪ ಇವರು ಅಂತ ಶುರು ಮಾಡಿದ್ದು, ಮೂರು ವಾರ ಬೇರೆ ಯಾವ ಸಂಚಿಕೆಯ ಕೆಲಸಾನೂ ಮಾಡೋಕೆ ಆಗಲಿಲ್ಲ.

ಮೊದಲು ಊರಿನ ಬಗ್ಗೆ ಸ್ವಲ್ಪ. ಅಪ್ಪಲಾಚಿಯನ್ ಬೆಟ್ಟಸಾಲಿನ ಕಣಿವೇಲಿ, ಕ್ಲಿಂಚ್ ನದಿಯ ದಡದಲ್ಲಿ ಇರೋ ಊರು ಇದು. ಮೊದಲಿಗೆ ಇದರ ಹೆಸರು ಬರ್‌ವಿಲ್. ಅಮೆರಿಕದ ಉಪಾಧ್ಯಕ್ಷನಾಗಿದ್ದ ಆರನ್ ಬರ್ ಹೆಸರು ಅದು. ಆ ಮನುಷ್ಯ ದ್ವಂದ್ವಯುದ್ಧದಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಕೊಂದ, ಆಮೇಲೆ ರಾಜದ್ರೋಹದ ಆರೋಪವೂ ಬಂತು. ಮಾನ ಹೋದವನ ಹೆಸರು ನಮ್ಮೂರಿಗೆ ಬೇಡ ಅಂತ 1809ರಲ್ಲಿ ಕ್ಲಿಂಟನ್ ಅಂತ ಬದಲಾಯಿಸಿದ್ರು. ಊರಿಗೆ ಹೆಸರಿಡೋ ಮುಂಚೆ ಆ ಮನುಷ್ಯ ಸಾಯೋವರೆಗೆ ಕಾಯಬೇಕು ಅನ್ನೋದು ನನ್ನ ಅಭಿಪ್ರಾಯ, ಇರಲಿ.

ಹತ್ತೊಂಬತ್ತನೇ ಶತಮಾನದ ಕೊನೇಲಿ ಕ್ಲಿಂಚ್ ನದಿಯ ಕಪ್ಪೆಚಿಪ್ಪಲ್ಲಿ ಮುತ್ತು ಸಿಗ್ತಾ ಇತ್ತು. ಸಮುದ್ರದ್ದಲ್ಲ, ಸಿಹಿನೀರಿನ ಮುತ್ತು. ಕ್ಲಿಂಟನ್‌ನ ಮಾರ್ಕೆಟ್ ಸ್ಟ್ರೀಟ್ ಆ ವ್ಯಾಪಾರದ ಕೇಂದ್ರ ಆಗಿತ್ತು. 1936ರಲ್ಲಿ ನದಿಗೆ ನಾರಿಸ್ ಅಣೆಕಟ್ಟು ಬಂತು, ನೀರಿನ ಹರಿವು ಬದಲಾಯ್ತು, ಚಿಪ್ಪೂ ಹೋಯ್ತು, ಮುತ್ತೂ ಹೋಯ್ತು. ನಾರಿಸ್ ಅನ್ನೋದು ಟೆನೆಸಿ ವ್ಯಾಲಿ ಅಥಾರಿಟಿ ಕಟ್ಟಿದ ಮೊದಲ ಅಣೆಕಟ್ಟು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1948ರಲ್ಲಿ, ನಮ್ಮ ದಾಮೋದರ್ ವ್ಯಾಲಿ ಕಾರ್ಪೊರೇಷನ್ ಹುಟ್ಟಿದ್ದು ಇದೇ ಸಂಸ್ಥೆಯನ್ನ ಮಾದರಿಯಾಗಿ ಇಟ್ಕೊಂಡು. ಮುತ್ತು ಹೋದ ಮೇಲೆ ಊರಿಗೆ ಆಸರೆ ಅಂದ್ರೆ ಕಾಲುಚೀಲ ನೇಯೋ ಒಂದು ಗಿರಣಿ, ಸುತ್ತಲಿನ ಕಲ್ಲಿದ್ದಲು ಗಣಿ, ಒಂದಷ್ಟು ತಂಬಾಕು ಬೇಸಾಯ. ಆಮೇಲೆ ಯುದ್ಧಕಾಲದಲ್ಲಿ ಪಕ್ಕದಲ್ಲೇ ಓಕ್ ರಿಡ್ಜ್ ಎದ್ದಿತು. ಹೊಲಗದ್ದೆ ಇದ್ದ ಜಾಗದಲ್ಲಿ ಮೂರು ವರ್ಷದೊಳಗೆ 75,000 ಜನರ ಗುಟ್ಟಿನ ನಗರ.

ಸರಿ, ಈಗ ಶಾಲೆಗೆ ಬರೋಣ.

ಟೆನೆಸಿ ರಾಜ್ಯದ 1870ರ ಸಂವಿಧಾನದಲ್ಲೇ ಬರೆದಿತ್ತು: ಬಿಳಿಯರ ಮಕ್ಕಳೂ ಕಪ್ಪು ಮಕ್ಕಳೂ ಒಂದೇ ಶಾಲೇಲಿ ಕೂರಬಾರದು. ಕ್ಲಿಂಟನ್‌ನಲ್ಲಿ ಕಪ್ಪು ಕುಟುಂಬಗಳು ಇದ್ದದ್ದು ಫೋಲಿ ಹಿಲ್ ಅನ್ನೋ ಗುಡ್ಡದ ಮೇಲೆ. ಅವರ ಮಕ್ಕಳಿಗೆ ಅಲ್ಲೇ ಒಂದು ಪ್ರಾಥಮಿಕ ಶಾಲೆ, 1935ರಲ್ಲಿ ಕಟ್ಟಿದ್ದು. ಆಮೇಲೆ ಅದಕ್ಕೆ ಗ್ರೀನ್ ಮೆಕಾಡೂ ಶಾಲೆ ಅಂತ ಹೆಸರಾಯ್ತು. ಗುಡ್ಡದ ಕೆಳಗೆ, ನಡ್ಕೊಂಡು ಹೋಗೋ ದೂರದಲ್ಲಿ, ಕ್ಲಿಂಟನ್ ಹೈಸ್ಕೂಲು. ಸುಮಾರು 800 ಮಕ್ಕಳು, ಎಲ್ಲರೂ ಬಿಳಿಯರು.

ಹಾಗಾದ್ರೆ ಗ್ರೀನ್ ಮೆಕಾಡೂ ಮುಗಿಸಿದ ಮಕ್ಕಳು ಎಲ್ಲಿಗೆ ಹೋಗ್ತಿದ್ರು? ಬೆಳಿಗ್ಗೆ ಎದ್ದು, ಗುಡ್ಡ ಇಳಿದು, ಬಸ್ ಹತ್ತಿ, ಸುಮಾರು 30 ಕಿಲೋಮೀಟರ್ ದೂರದ ನಾಕ್ಸ್‌ವಿಲ್ ನಗರಕ್ಕೆ. ಅಲ್ಲಿ ಆಸ್ಟಿನ್ ಹೈಸ್ಕೂಲ್ ಅಂತ ಕಪ್ಪು ಮಕ್ಕಳ ಶಾಲೆ ಇತ್ತು. ಸಂಜೆ ಅದೇ 30 ಕಿಲೋಮೀಟರ್ ವಾಪಸ್.

ನಾನೂ ಬಿ.ಕಾಂ ಮೂರು ವರ್ಷ ಬಸ್ ಪಾಸ್ ಇಟ್ಕೊಂಡು ಹೀಗೇ ಓಡಾಡಿದವನು. ಮಳೆಗಾಲದಲ್ಲಿ ಬಸ್ ತಪ್ಪಿದ್ರೆ ಆ ದಿನದ ಅಟೆಂಡೆನ್ಸ್ ಹೋಯ್ತು ಅಂತಲೇ ಲೆಕ್ಕ. ಆದ್ರೆ ನಾನು ಹೋಗ್ತಿದ್ದದ್ದು ನಮ್ಮೂರಲ್ಲಿ ಕಾಲೇಜು ಇರಲಿಲ್ಲ ಅಂತ. ಇವರ ಊರಲ್ಲಿ ಶಾಲೆ ಇತ್ತು. ಬಸ್ ಕಿಟಕಿಯಿಂದ ಅದನ್ನ ನೋಡ್ತಾ ಬೇರೆ ಊರಿಗೆ ಹೋಗಬೇಕಿತ್ತು. ಈ ಎರಡೂ ಒಂದೇ ಥರದ ದೂರ ಅಲ್ಲ.

ಕಾಮರ್ಸ್ ಓದಿದವನಿಗೆ ಒಂದು ಚಟ ಇರುತ್ತೆ, ಖರ್ಚು ಯಾರ ಖಾತೇಲಿ ಬಿತ್ತು ಅಂತ ನೋಡೋದು. ನಾಕ್ಸ್‌ವಿಲ್ ಶಾಲೆಯ ಫೀಸು, ಬಸ್ಸಿನ ಖರ್ಚು, ಇದನ್ನ ಆಂಡರ್ಸನ್ ಕೌಂಟಿಯೇ ಕೊಡ್ತಾ ಇತ್ತು. ಅಂದ್ರೆ ಮನೆ ಹತ್ತಿರದ ಶಾಲೆಯ ಬಾಗಿಲು ತೆಗೆಯೋದಕ್ಕೆ ಬದಲು, ಬಾಗಿಲು ಹಾಕಿ ಇಡೋದಕ್ಕೆ ಸರ್ಕಾರದ ದುಡ್ಡು ಖರ್ಚಾಗ್ತಿತ್ತು. ಮಗು ಬೆಳಿಗ್ಗೆ ಬೇಗ ಎದ್ದದ್ದು, ಸಂಜೆ ಆಟಕ್ಕೆ ಉಳಿಯೋಕೆ ಆಗದೆ ಬಸ್ಸಿಗೆ ಓಡಿದ್ದು, ಅದು ಯಾವ ಖಾತೇಲೂ ಇಲ್ಲ.

1950ರಲ್ಲಿ ಕೆಲವು ಪೋಷಕರು ಕ್ಲಿಂಟನ್ ಹೈಸ್ಕೂಲಿಗೇ ಹೋಗಿ ನಮ್ಮ ಮಕ್ಕಳನ್ನ ಸೇರಿಸ್ಕೊಳ್ಳಿ ಅಂದ್ರು. ಆಗಲ್ಲ ಅಂದ್ರು. ಕೇಸ್ ಹಾಕಿದ್ರು. ಮೆಕ್‌ಸ್ವೇನ್ ಅನ್ನೋ ಕುಟುಂಬದ ಹೆಸರಲ್ಲಿ ಆ ಕೇಸ್ ಇದೆ. ಫೆಡರಲ್ ನ್ಯಾಯಾಧೀಶ ರಾಬರ್ಟ್ ಟೇಲರ್ 1952ರಲ್ಲಿ ಕೌಂಟಿಯ ಪರ ತೀರ್ಪು ಕೊಟ್ಟರು. ಎರಡು ವರ್ಷ ಆದ್ಮೇಲೆ, 1954ರ ಮೇ 17ರಂದು, ಸುಪ್ರೀಂ ಕೋರ್ಟ್ ಬ್ರೌನ್ ಪ್ರಕರಣದಲ್ಲಿ ಬಣ್ಣದ ಮೇಲೆ ಶಾಲೆ ಬೇರೆ ಮಾಡೋದೇ ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ಕ್ಲಿಂಟನ್ ಕೇಸು ಮೇಲಿನ ಕೋರ್ಟಿಂದ ತಿರುಗಿ ಅದೇ ಟೇಲರ್ ಮುಂದೆ ಬಂತು. 1956ರ ಜನವರೀಲಿ, ಮೊದಲು ಇಲ್ಲ ಅಂದಿದ್ದ ಅದೇ ನ್ಯಾಯಾಧೀಶರು, ಈ ವರ್ಷ ಶಾಲೆ ಶುರುವಾಗೋ ಹೊತ್ತಿಗೆ ಹೈಸ್ಕೂಲು ಎಲ್ಲರಿಗೂ ತೆರೆದಿರಬೇಕು ಅಂತ ಆದೇಶ ಕೊಟ್ಟರು.

ಕೇಸ್ ಹಾಕಿದಾಗ ಹೈಸ್ಕೂಲಿಗೆ ಹೋಗೋ ವಯಸ್ಸಲ್ಲಿದ್ದ ಮಕ್ಕಳು ತೀರ್ಪು ಬರೋಷ್ಟರಲ್ಲಿ ಶಾಲೆ ಮುಗಿಸಿಬಿಟ್ಟಿದ್ರು. ಆರು ವರ್ಷ. ಕೋರ್ಟಿಗೆ ಅಲೆದವರು ನಮ್ಮಲ್ಲೂ ಇದ್ದೀರಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಕ್‌ಸ್ವೇನ್ ಮನೆಯಿಂದ ಆ ಬಾಗಿಲು ದಾಟಿದ್ದು ತಂಗಿ, ಆಲ್ವಾ ಜೇ ಮೆಕ್‌ಸ್ವೇನ್.

1956 ಆಗಸ್ಟ್ 27, ಸೋಮವಾರ. ಹನ್ನೆರಡು ಮಕ್ಕಳು ಗ್ರೀನ್ ಮೆಕಾಡೂ ಶಾಲೆ ಹತ್ತಿರ ಸೇರಿ, ಪ್ರಾರ್ಥನೆ ಮಾಡಿ, ಗುಡ್ಡ ಇಳಿದ್ರು. ಹೆಸರು ಹೇಳ್ತೀನಿ, ಯಾಕಂದ್ರೆ 'ಕ್ಲಿಂಟನ್ ಹನ್ನೆರಡು ಮಂದಿ' ಅಂತ ಒಂದೇ ಉಸಿರಲ್ಲಿ ಹೇಳಿ ಮುಂದೆ ಹೋಗೋದೇ ಜಾಸ್ತಿ. ಜೋ ಆ್ಯನ್ ಅಲೆನ್, ಬಾಬಿ ಕೇನ್, ಆನಾ ಥೆರೆಸರ್ ಕ್ಯಾಸ್ವೆಲ್, ಮಿನ್ನಿ ಆ್ಯನ್ ಡಿಕಿ, ಗೇಲ್ ಆ್ಯನ್ ಎಪ್ಸ್, ರೊನಾಲ್ಡ್ ಹೇಡನ್, ವಿಲಿಯಂ ಲೇಥಮ್, ಆಲ್ವಾ ಜೇ ಮೆಕ್‌ಸ್ವೇನ್, ಮಾರಿಸ್ ಸೋಲ್ಸ್, ರಾಬರ್ಟ್ ಥ್ಯಾಕರ್, ರೆಜಿನಾ ಟರ್ನರ್, ಆಲ್ಫ್ರೆಡ್ ವಿಲಿಯಮ್ಸ್.

ಇದರಲ್ಲಿ ಬಾಬಿ ಕೇನ್‌ಗೆ ಈ ಬದಲಾವಣೆ ಅಷ್ಟು ಬೇಕಿರಲಿಲ್ಲ. ಅವನದು ಕೊನೇ ವರ್ಷ. ನಾಕ್ಸ್‌ವಿಲ್‌ನಲ್ಲಿ ಸ್ನೇಹಿತರಿದ್ದಾರೆ, ಇನ್ನೊಂದು ವರ್ಷ ಅಲ್ಲೇ ಕೂತಿದ್ರೆ ಮುಗೀತಿತ್ತು. ಇತಿಹಾಸ ಮಾಡೋಣ ಅಂತ ಅವನು ಹೊರಟದ್ದಲ್ಲ. ಕೋರ್ಟ್ ಆದೇಶ ಬಂದಾಗ ಅವನ ವಯಸ್ಸು, ಅವನ ವಿಳಾಸ ಎರಡೂ ಲೆಕ್ಕಕ್ಕೆ ಸರಿಹೊಂದಿತು, ಅಷ್ಟೇ.

ಮೊದಲ ದಿನ ಹೆಚ್ಚೂಕಮ್ಮಿ ಶಾಂತವಾಗಿಯೇ ಕಳೀತು. ಇದನ್ನ ಒತ್ತಿ ಹೇಳ್ತೀನಿ. ಜೋ ಆ್ಯನ್ ಅಲೆನ್‌ಳನ್ನ ಅವಳ ತರಗತಿಯ ಮಕ್ಕಳು ಉಪಾಧ್ಯಕ್ಷೆ ಅಂತ ಆರಿಸಿದ್ರು. ಬಿಳಿ ಮಕ್ಕಳೇ ಓಟು ಹಾಕಿದ್ದು.

ಅದು ನಿಲ್ಲಲಿಲ್ಲ. ಎರಡು ದಿನ ಮೊದಲು ಜಾನ್ ಕ್ಯಾಸ್ಪರ್ ಅನ್ನೋ 26 ವರ್ಷದವನು ಊರಿಗೆ ಬಂದಿಳಿದಿದ್ದ. ಟೆನೆಸಿಯವನಲ್ಲ. ನ್ಯೂಜೆರ್ಸಿಯಲ್ಲಿ ಹುಟ್ಟಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಪುಸ್ತಕದಂಗಡಿ ಇಟ್ಟಿದ್ದವನು, ಕವಿ ಎಜ್ರಾ ಪೌಂಡ್‌ನ ಭಕ್ತ. ಮನೆಮನೆ ಬಾಗಿಲು ತಟ್ಟಿ, ನಿಮ್ಮ ಮಕ್ಕಳ ಶಾಲೆ ಹಾಳಾಗ್ತಿದೆ, ಏಳಿ ಅಂದ. ನನ್ನ ವಯಸ್ಸಿಗಿಂತ ಚಿಕ್ಕವನು, ಕೈಯಲ್ಲಿ ಫೋನಿಲ್ಲ, ಗ್ರೂಪಿಲ್ಲ, ಫಾರ್ವರ್ಡ್ ಇಲ್ಲ. ಒಂದೇ ವಾರದಲ್ಲಿ ಕೋರ್ಟಿನ ಮುಂದಿನ ಹುಲ್ಲುಹಾಸಿನ ಮೇಲೆ ಸಾವಿರಾರು ಜನ ಸೇರಿಸಿದ. ನ್ಯಾಯಾಧೀಶ ಟೇಲರ್ ಅವನಿಗೆ ತಡೆಯಾಜ್ಞೆ ಕೊಟ್ಟರು, ಅದನ್ನ ಮೀರಿದ, ನ್ಯಾಯಾಂಗ ನಿಂದನೆಗೆ ಒಂದು ವರ್ಷದ ಶಿಕ್ಷೆ ಹಾಕಿದ್ರು. ಅಷ್ಟರಲ್ಲಿ ಅಲಬಾಮಾದಿಂದ ಏಸಾ ಕಾರ್ಟರ್ ಅನ್ನೋನು ಬಂದು ಭಾಷಣ ಮುಂದುವರಿಸಿದ. ಈ ಕಾರ್ಟರ್ ಯಾರು ಗೊತ್ತಾ? ಮುಂದೆ 1963ರಲ್ಲಿ ಅಲಬಾಮಾ ಗವರ್ನರ್ ಜಾರ್ಜ್ ವಾಲೇಸ್‌ಗೆ ಜನಾಂಗ ಪ್ರತ್ಯೇಕತೆಯ ಆ ಕುಖ್ಯಾತ ಭಾಷಣ ಬರ್ಕೊಟ್ಟವನು. ಆಮೇಲೆ ಹೆಸರು ಬದಲಾಯಿಸ್ಕೊಂಡು, ತಾನೊಬ್ಬ ಚೆರೋಕಿ ಆದಿವಾಸಿ ಅಂತ ಹೇಳ್ಕೊಂಡು, 'ದಿ ಎಜುಕೇಷನ್ ಆಫ್ ಲಿಟಲ್ ಟ್ರೀ' ಬರೆದ. ಲಕ್ಷಗಟ್ಟಲೆ ಜನ ಅದನ್ನ ಕಣ್ಣೀರಿಟ್ಟು ಓದಿದ್ರು. ಅದು ಬೇರೆಯದೇ ಸಂಚಿಕೆ, ಒಂದಿನ ಮಾಡ್ತೀನಿ.

ಅದು ಲೇಬರ್ ಡೇ ರಜೆಯ ವಾರಾಂತ್ಯ. ಊರೊಳಗಿಂದಲೇ ಹೆದ್ದಾರಿ ಹಾದು ಹೋಗ್ತಿತ್ತು. ಗುಂಪು ರಸ್ತೆಗಿಳೀತು. ಕಪ್ಪು ಜನ ಕೂತಿದ್ದ ಕಾರುಗಳನ್ನ ತಡೆದು ಜಜ್ಜಿದ್ರು. ಅವರಿಗೂ ಕ್ಲಿಂಟನ್ ಶಾಲೆಗೂ ಏನೂ ಸಂಬಂಧ ಇರಲಿಲ್ಲ, ದಾರೀಲಿ ಹೋಗ್ತಿದ್ದವರು. ಊರಿನ ಪೊಲೀಸರು ಬೆರಳೆಣಿಕೆಯಷ್ಟು. ಅಂಗಡಿಯವರು, ವಕೀಲರು, ಯುದ್ಧದಿಂದ ವಾಪಸ್ ಬಂದಿದ್ದವರು ಸೇರಿ ಒಂದು ಸ್ವಯಂಸೇವಕರ ಪಡೆ ಮಾಡ್ಕೊಂಡು, ಅಶ್ರುವಾಯು ಹಿಡಿದು ಒಂದು ರಾತ್ರಿ ಗುಂಪನ್ನ ತಡೆದರು. ಗವರ್ನರ್ ಫ್ರ್ಯಾಂಕ್ ಕ್ಲೆಮೆಂಟ್ ಮೊದಲು ಹೆದ್ದಾರಿ ಪೊಲೀಸರನ್ನ, ಮಾರನೇ ದಿನ 600ಕ್ಕೂ ಹೆಚ್ಚು ನ್ಯಾಷನಲ್ ಗಾರ್ಡ್ ಸೈನಿಕರನ್ನ ಟ್ಯಾಂಕ್ ಸಮೇತ ಕಳಿಸಿದ್ರು. ನಾಲ್ಕು ಸಾವಿರ ಜನರ ಊರಿನ ಮೇನ್ ರೋಡಲ್ಲಿ ಟ್ಯಾಂಕ್!

ಫೋಟೋಗಳು ಇಲ್ಲಿಗೆ ನಿಲ್ತವೆ. ಸೈನಿಕರು ಬಂದ್ರು, ಗಲಾಟೆ ನಿಂತಿತು, ಪತ್ರಕರ್ತರು ಹೊರಟುಹೋದ್ರು. ಆದ್ರೆ ಇಲ್ಲಿ ಸೈನಿಕರು ತರಗತಿಯ ಒಳಗೆ, ಮೆಟ್ಟಿಲ ಮೇಲೆ, ಕಾರಿಡಾರಲ್ಲಿ ನಿಂತಿರಲಿಲ್ಲ. ಕೂರೋ ಜಾಗದಲ್ಲಿ ಪಿನ್ನು, ಪುಸ್ತಕದ ಮೇಲೆ ಇಂಕು, ಮೆಟ್ಟಿಲಲ್ಲಿ ಹಿಂದಿಂದ ತಳ್ಳೋದು, ನಡ್ಕೊಂಡು ಹೋಗೋವಾಗ ಮೊಟ್ಟೆ, ಕಲ್ಲು. ರಾತ್ರಿ ಹೊತ್ತು ಫೋಲಿ ಹಿಲ್ ಕಡೆ ಡೈನಮೈಟ್ ಸಿಡೀತಿತ್ತು, ಗಂಡಸರು ಬಂದೂಕು ಹಿಡಿದು ಸರದಿ ಮೇಲೆ ಕಾವಲು ಕೂರ್ತಿದ್ರು. ಬೆಳಿಗ್ಗೆ ಎದ್ದು ಅದೇ ಮಕ್ಕಳು ಹೋಂವರ್ಕ್ ತಗೊಂಡು ಗುಡ್ಡ ಇಳೀತಿದ್ರು.

ಶಾಲೆಯೊಳಗೆ ಅವರ ಪಕ್ಕ ನಿಂತವರೂ ಇದ್ದರು. ಫುಟ್‌ಬಾಲ್ ತಂಡದ ನಾಯಕ ಜೆರ್ರಿ ಶಾಟಕ್ ತನ್ನ ತಂಡದ ಹುಡುಗರನ್ನ ಕಾರಿಡಾರಲ್ಲಿ ನಿಲ್ಲಿಸಿ ಕಿರುಕುಳ ಕೊಡೋರನ್ನ ತಡೆದ. ಮುಖ್ಯೋಪಾಧ್ಯಾಯ ಡಿ. ಜೆ. ಬ್ರಿಟನ್ ಹಟ ಬಿಡಲಿಲ್ಲ. ಕ್ಲಿಂಟನ್ ಕೊರಿಯರ್-ನ್ಯೂಸ್ ಪತ್ರಿಕೆಯ ಸಂಪಾದಕ ಹೊರೇಸ್ ವೆಲ್ಸ್ ಕಾನೂನಿಗೆ ತಲೆಬಾಗಬೇಕು ಅಂತಲೇ ಬರೀತಾ ಹೋದ್ರು.

ಇಲ್ಲೊಂದು ವಿಷಯ ನನ್ನನ್ನ ಬಹಳ ದಿನ ಕಾಡ್ತು. ಈ ದೊಡ್ಡವರಲ್ಲಿ ಹೆಚ್ಚಿನವರು ಸಮಾನತೆ ಬೇಕು ಅಂತ ಎದ್ದು ನಿಂತವರಲ್ಲ. ಆರು ವರ್ಷ ಇದೇ ಊರು ಕೋರ್ಟಲ್ಲಿ ಬೇಡ ಅಂತ ವಾದ ಮಾಡಿತ್ತು. ನಮಗೆ ಇಷ್ಟ ಇಲ್ಲ, ಆದ್ರೆ ಕೋರ್ಟು ಹೇಳಿದೆ, ಪಾಲಿಸ್ತೀವಿ ಅನ್ನೋದು ಅವರ ನಿಲುವು. ಮೊದಲು ಓದಿದಾಗ ನನಗೆ ಇದು ಹೇಡಿತನ ಅನ್ನಿಸ್ತು. ಮನಸ್ಸೇ ಬದಲಾಗದೆ ಬಾಗಿಲು ತೆಗೆದ್ರೆ ಏನು ಬಂತು? ಆಮೇಲೆ ಗುಂಪಿನ ಮುಂದೆ ನಿಂತವರ ವಿವರ ಓದ್ತಾ ಹೋದ ಹಾಗೆ ಅಭಿಪ್ರಾಯ ಅರ್ಧ ಬದಲಾಯ್ತು. ತನಗೆ ಒಪ್ಪಿಗೆಯಾದ ಕಾನೂನಿಗೋಸ್ಕರ ಕಲ್ಲೇಟು ತಿನ್ನೋರು ಇರ್ತಾರೆ. ಒಪ್ಪಿಗೆ ಇಲ್ಲದ್ದಕ್ಕೂ ತಿಂದವರು ಇವರು. ಅರ್ಧ ಅಂತ ಯಾಕಂದೆ ಅಂದ್ರೆ, ಆ ಕಾನೂನು ಪಾಲನೆಗೆ ಬೆಲೆ ತೆತ್ತವರಲ್ಲಿ ಮೊದಲ ಸಾಲಿನವರು 14ರಿಂದ 17 ವಯಸ್ಸಿನ ಆ ಹನ್ನೆರಡು ಮಂದಿಯೇ. ಅವರನ್ನ ಬದಿಗಿಟ್ಟು ಒಳ್ಳೇ ಬಿಳಿಯರ ಕಥೆ ಮಾಡೋದು ನನಗಿಷ್ಟ ಇಲ್ಲ.

ನವೆಂಬರಲ್ಲಿ ಸ್ಥಳೀಯ ಜ್ಯೂರಿ ಗಲಭೆ ಎಬ್ಬಿಸಿದ ಆರೋಪದಿಂದ ಕ್ಯಾಸ್ಪರ್‌ನ ಬಿಡುಗಡೆ ಮಾಡ್ತು. ಶಾಲೆಯೊಳಗೆ ಕಿರುಕುಳ ಜೋರಾಯ್ತು. ತಿಂಗಳ ಕೊನೆಗೆ ಕಪ್ಪು ಮಕ್ಕಳು ಮನೇಲೇ ಉಳಿದ್ರು. ರಕ್ಷಣೆ ಇಲ್ಲದೆ ಕಳಿಸಲ್ಲ ಅಂದ್ರು ಹೆತ್ತವರು.

ಡಿಸೆಂಬರ್ 4, ಮಂಗಳವಾರ. ಊರಿನ ಪುರಸಭೆ ಚುನಾವಣೆಯೂ ಅವತ್ತೇ. ಬೆಳಿಗ್ಗೆ ಮೂವರು ಬಿಳಿಯರು ಗುಡ್ಡ ಹತ್ತಿ ಬಂದು, ನಾವು ಜೊತೆಗೆ ನಡೀತೀವಿ ಅಂದ್ರು. ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಪಾಲ್ ಟರ್ನರ್, ವಕೀಲ ಸಿಡ್ನಿ ಡೇವಿಸ್, ಕಾಲುಚೀಲ ಗಿರಣಿಯ ಅಧಿಕಾರಿ ಲಿಯೋ ಬರ್ನೆಟ್. ಬೈಗುಳದ ಮಧ್ಯೆಯೇ ಮಕ್ಕಳನ್ನ ಶಾಲೆ ಬಾಗಿಲವರೆಗೆ ಮುಟ್ಟಿಸಿದ್ರು. ಟರ್ನರ್ ಒಬ್ಬರೇ ವಾಪಸ್ ಬರೋವಾಗ ಗುಂಪು ಮೇಲೆ ಬಿತ್ತು. ಪಾದ್ರಿಯನ್ನ ನಡುಬೀದೀಲಿ ರಕ್ತ ಬರೋ ಹಾಗೆ ಹೊಡೆದ್ರು. ಸುದ್ದಿ ಊರೆಲ್ಲ ಹರಡಿತು. ಬ್ರಿಟನ್ ಶಾಲೆ ಮುಚ್ಚಿಸಿದ್ರು. ಅವತ್ತು ಸಂಜೆ ಓಟು ಎಣಿಸಿದಾಗ ಪ್ರತ್ಯೇಕತಾವಾದಿಗಳ ಕಡೆಯ ಅಭ್ಯರ್ಥಿಗಳು ಭಾರಿ ಅಂತರದಲ್ಲಿ ಸೋತಿದ್ರು. ಮುಂದಿನ ಭಾನುವಾರ ಟರ್ನರ್ ಊದಿದ ಮುಖದಲ್ಲೇ ಉಪದೇಶಕ್ಕೆ ನಿಂತರು. ಒಂದು ವಾರದೊಳಗೆ ಶಾಲೆ ಮತ್ತೆ ಶುರುವಾಯ್ತು.

ಅಷ್ಟರಲ್ಲಿ ಹನ್ನೆರಡು ಮಂದಿಯಲ್ಲಿ ಒಬ್ಬಳು ಕಮ್ಮಿಯಾಗಿದ್ದಳು. ಜೋ ಆ್ಯನ್ ಅಲೆನ್ ಕುಟುಂಬ ಆ ಡಿಸೆಂಬರಲ್ಲೇ ಊರು ಬಿಟ್ಟು ಲಾಸ್ ಏಂಜಲೀಸ್‌ಗೆ ಹೊರಟುಹೋಯ್ತು. ತರಗತಿಯ ಉಪಾಧ್ಯಕ್ಷೆ ನಾಲ್ಕೇ ತಿಂಗಳಲ್ಲಿ ಹೋದಳು. ದೊಡ್ಡವಳಾದ ಮೇಲೆ ಮಕ್ಕಳ ವಾರ್ಡಿನ ನರ್ಸ್ ಆದರು. 2019ರಲ್ಲಿ ಇನ್ನೊಬ್ಬ ಲೇಖಕಿಯ ಜೊತೆ ಆ ನಾಲ್ಕು ತಿಂಗಳ ಬಗ್ಗೆ 'ದಿಸ್ ಪ್ರಾಮಿಸ್ ಆಫ್ ಚೇಂಜ್' ಅಂತ ಪುಸ್ತಕ ಬರೆದರು.

ಬಾಬಿ ಕೇನ್ ಉಳ್ಕೊಂಡ. 1957ರ ಮೇ 17ಕ್ಕೆ ಪದವಿ ಸಮಾರಂಭ. ದಿನಾಂಕ ಗಮನಿಸಿದ್ರಾ? ಸುಪ್ರೀಂ ಕೋರ್ಟ್ ತೀರ್ಪಿಗೆ ಅವತ್ತಿಗೆ ಸರಿಯಾಗಿ ಮೂರು ವರ್ಷ. ದಕ್ಷಿಣದ ರಾಜ್ಯಗಳಲ್ಲಿ ಕೋರ್ಟ್ ಆದೇಶದ ಮೇಲೆ ಎಲ್ಲರಿಗೂ ತೆರೆದ ಸರ್ಕಾರಿ ಹೈಸ್ಕೂಲಿಂದ ಪಾಸಾಗಿ ಹೊರಬಂದ ಮೊದಲ ಕಪ್ಪು ಹುಡುಗ ಅವನು. ಸರ್ಟಿಫಿಕೇಟ್ ತಗೊಂಡು, ಗೌನ್ ವಾಪಸ್ ಕೊಡೋಕೆ ಹೋದಾಗ ದೀಪ ಆರಿತು, ಕತ್ತಲಲ್ಲಿ ಯಾರೋ ಹೊಡೆದ್ರು. ಯಾರು ಅಂತ ಅವನಿಗೆ ಗೊತ್ತಾಗಲೇ ಇಲ್ಲ. ಮುಂದೆ ನ್ಯಾಶ್‌ವಿಲ್‌ನಲ್ಲಿ ಕಾಲೇಜು ಓದಿ, ರಾಜ್ಯ ಸರ್ಕಾರದ ನೌಕರಿ ಮಾಡಿದರು. ಮುಂದಿನ ವರ್ಷ, 1958ರಲ್ಲಿ, ಗೇಲ್ ಆ್ಯನ್ ಎಪ್ಸ್ ಪದವಿ ಪಡೆದಳು.

ಕ್ಯಾಸ್ಪರ್ ಕಥೆ ಚಿಕ್ಕದಾಗಿ ಮುಗಿಸ್ತೀನಿ. 1957ರ ಜುಲೈನಲ್ಲಿ ನಾಕ್ಸ್‌ವಿಲ್‌ನ ಫೆಡರಲ್ ಕೋರ್ಟಲ್ಲಿ, ಎಲ್ಲ ಬಿಳಿಯರೇ ಇದ್ದ ಜ್ಯೂರಿ, ಅವನನ್ನೂ ಇನ್ನೂ ಆರು ಜನರನ್ನೂ ತಪ್ಪಿತಸ್ಥರು ಅಂತ ಹೇಳ್ತು. ಜೈಲಿಗೆ ಹೋದ.

ಎಲ್ಲ ತಣ್ಣಗಾಯ್ತು ಅಂದ್ಕೊಂಡಿದ್ದಾಗ, 1958 ಅಕ್ಟೋಬರ್ 5, ಭಾನುವಾರ ಬೆಳಗಿನ ಜಾವ, ಕ್ಲಿಂಟನ್ ಹೈಸ್ಕೂಲಲ್ಲಿ ಮೂರು ಸ್ಫೋಟ. 75ರಿಂದ 100 ಡೈನಮೈಟ್ ಕಡ್ಡಿ ಇಟ್ಟಿರಬೇಕು ಅಂತ ಅಂದಾಜು ಮಾಡಿದ್ರು. ಭಾನುವಾರ ಆದ್ದರಿಂದ ಒಳಗೆ ಯಾರೂ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಕಟ್ಟಡ ಮಾತ್ರ ಪಾಠ ಮಾಡೋ ಸ್ಥಿತೀಲಿ ಉಳೀಲಿಲ್ಲ. ಈ ಕೇಸಲ್ಲಿ ಇವತ್ತಿನವರೆಗೆ ಒಬ್ಬರಿಗೂ ಶಿಕ್ಷೆ ಆಗಿಲ್ಲ.

ಈಗ ಬಸ್ಸಿಗೆ ವಾಪಸ್ ಬರೋಣ. ಸಂಚಿಕೆ ಶುರು ಮಾಡೋವಾಗ ಇದು ಬಸ್ಸಿನ ಕಥೆ ಅಂದಿದ್ನಲ್ಲ, ಅದು ಇದಕ್ಕೇ.

ಶಾಲೆ ಹೋಯ್ತು, ಮಕ್ಕಳು ಎಲ್ಲಿ ಕೂರಬೇಕು? ಪಕ್ಕದ ಓಕ್ ರಿಡ್ಜಲ್ಲಿ ಲಿಂಡನ್ ಅನ್ನೋ ಖಾಲಿ ಬಿದ್ದಿದ್ದ ಪ್ರಾಥಮಿಕ ಶಾಲೆ ಇತ್ತು. ಓಕ್ ರಿಡ್ಜ್ ಆಗಿನ್ನೂ ಕೇಂದ್ರ ಸರ್ಕಾರದ ಅಣುಶಕ್ತಿ ಆಯೋಗದ ನೆರಳಲ್ಲಿದ್ದ ಊರು. ಅಲ್ಲಿನ ಹೈಸ್ಕೂಲಿಗೆ 1955ರಲ್ಲೇ, ಅಂದ್ರೆ ಕ್ಲಿಂಟನ್‌ಗಿಂತ ಒಂದು ವರ್ಷ ಮೊದಲು, ಕಪ್ಪು ಮಕ್ಕಳು ಸೇರಿದ್ರು, ಯಾವ ದೊಡ್ಡ ಗಲಾಟೆಯೂ ಆಗಿರಲಿಲ್ಲ. ಸರ್ಕಾರದ ಜಾಗ, ಸರ್ಕಾರದ ಕೆಲಸ, ಸರ್ಕಾರ ಹೇಳಿದ ಮೇಲೆ ಮುಗೀತು. ಹತ್ತು ಹದಿನೈದು ಕಿಲೋಮೀಟರ್ ಅಂತರದಲ್ಲಿ ಎರಡು ಊರು, ಎರಡು ಥರ. ಇತಿಹಾಸದ ಪುಸ್ತಕಗಳಲ್ಲಿ ಗಲಾಟೆ ಆದ ಊರಿಗೆ ಜಾಗ ಜಾಸ್ತಿ, ಆಗದ ಊರಿಗೆ ಕಮ್ಮಿ. ಓಕ್ ರಿಡ್ಜಿನ ಆ ಮಕ್ಕಳ ಹೆಸರು ನಾನೂ ಇವತ್ತು ಹೇಳಲಿಲ್ಲ ನೋಡಿ.

ಓಕ್ ರಿಡ್ಜಿನ ಜನ ಸೇರಿ ಲಿಂಡನ್ ಶಾಲೆಯನ್ನ ತೊಳೆದು, ಬೆಂಚು ಹಾಕಿ, ನಾಲ್ಕೇ ದಿನದಲ್ಲಿ ಸಿದ್ಧ ಮಾಡಿದ್ರು. ಕ್ಲಿಂಟನ್ ಮಕ್ಕಳ ಬಸ್ಸುಗಳು ಬಂದು ನಿಂತಾಗ ಓಕ್ ರಿಡ್ಜ್ ಹೈಸ್ಕೂಲಿನ ಬ್ಯಾಂಡಿನವರು ತಮ್ಮದಲ್ಲ, ಕ್ಲಿಂಟನ್ ಹೈಸ್ಕೂಲಿನ ಶಾಲಾಗೀತೆ ನುಡಿಸಿದ್ರು. ಅದನ್ನ ಓದಿದಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು, ಒಪ್ಕೋತೀನಿ.

ಎರಡು ವರ್ಷ ಕ್ಲಿಂಟನ್ ಹೈಸ್ಕೂಲಿನ ಪ್ರತಿಯೊಂದು ಮಗುವೂ, ಬಿಳಿ ಮಗುವೂ, ಕಪ್ಪು ಮಗುವೂ, ಬೆಳಿಗ್ಗೆ ಬೇಗ ಎದ್ದು, ಮುರಿದು ಬಿದ್ದ ಶಾಲೆಯನ್ನ ಬಸ್ ಕಿಟಕಿಯಿಂದ ನೋಡ್ತಾ, ಬೇರೆ ಊರಿನ ಶಾಲೆಗೆ ಹೋಯ್ತು. ಫೋಲಿ ಹಿಲ್ ಮಕ್ಕಳು ವರ್ಷಗಟ್ಟಲೆ ಒಬ್ಬರೇ ಹೋಗ್ತಿದ್ದ ಹಾಗೆ. ಬಾಂಬ್ ಇಟ್ಟವರು ಇದನ್ನ ಯೋಚಿಸಿರಲಿಕ್ಕಿಲ್ಲ.

ಪತ್ರಕರ್ತ ಡ್ರೂ ಪಿಯರ್‌ಸನ್ ದೇಶದ ತುಂಬ ಹಣ ಎತ್ತಿದ್ರು, ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಊರಿಗೇ ಬಂದು ಸಭೆ ಮಾಡಿದ್ರು. ಹೊಸ ಕಟ್ಟಡ 1960ರಲ್ಲಿ ತೆರೆಯಿತು.

ಕಥೆ ಇಲ್ಲಿಗೆ ಮುಗಿಸೋದು ಸುಲಭ. ಆದ್ರೆ ಕೋರ್ಟಿನ ಆದೇಶ ಇದ್ದದ್ದು ಹೈಸ್ಕೂಲಿಗೆ ಮಾತ್ರ. ಈ ಹನ್ನೆರಡು ಮಂದಿಯ ತಮ್ಮ ತಂಗಿಯರು, ಅಕ್ಕಪಕ್ಕದ ಮನೆಯ ಚಿಕ್ಕ ಮಕ್ಕಳು ಅದೇ ಗುಡ್ಡದ ಮೇಲಿನ ಗ್ರೀನ್ ಮೆಕಾಡೂ ಶಾಲೇಲೇ, ಕಪ್ಪು ಮಕ್ಕಳ ಜೊತೆ ಮಾತ್ರ, ಓದ್ತಾ ಇದ್ರು. ಅಣ್ಣ ಎಲ್ಲರ ಶಾಲೆಗೆ, ತಮ್ಮ ಬೇರೆ ಶಾಲೆಗೆ, ಒಂದೇ ಮನೆಯಿಂದ. ಅದು ಮುಚ್ಚಿದ್ದು 1965ರಲ್ಲಿ.

ಆ ಕಟ್ಟಡ ಈಗ ಮ್ಯೂಸಿಯಂ. 2006ರ ಆಗಸ್ಟಲ್ಲಿ, ಸರಿಯಾಗಿ 50 ವರ್ಷ ಆದಾಗ ಶುರುವಾಯ್ತು. ನಾನು ಫೋನಲ್ಲಿ ಮೊದಲು ನೋಡಿದ ಆ ಹನ್ನೆರಡು ಕಂಚಿನ ಮಕ್ಕಳು ನಿಂತಿರೋದು ಅದರ ಬಾಗಿಲ ಮುಂದೆ, ಪುಸ್ತಕ ಹಿಡ್ಕೊಂಡು, ನಡಿಗೆಯ ಭಂಗೀಲಿ.

ಇಷ್ಟು ಇವತ್ತಿಗೆ. ನೀವು ಇಳಿಯೋ ಸ್ಟಾಪ್ ಇನ್ನೂ ದೂರ ಇದ್ರೆ, ನೀವು ಶಾಲೆಗೆ ಹೇಗೆ ಹೋಗ್ತಿದ್ರಿ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಕೂತು ಕೇಳ್ತೀನಿ.